ಹಲ್ಲಿನಲ್ಲಿ ಹಿಡಿದ ಬಟ್ಟೆ

"ನಾನು ನಗ್ತಾ ಇದ್ನಾ? ಅದನ್ನ ನನ್ನ ಮುಖ ನೋಡ್ಕೊಂಡು ಹೇಳಿ," ಎಂದೆ.

ಸಂಕಪ್ಪಯ್ಯ ಮುಖ ನೋಡಲಿಲ್ಲ. ಬೋಗುಣಿಯಲ್ಲಿ ಕುಂಚ ಅದ್ದಿ ಅದ್ದಿ ತೊಳೆಯುತ್ತಿದ್ದ. ಚಿತ್ರ ಬರೆಯುವವರ ಅಭ್ಯಾಸವೇ ಅದು. ಊರಿನದೆಲ್ಲವನ್ನೂ ಮೇಲಿನಿಂದ ನೋಡುತ್ತಾರೆ, ಎದುರಿಗೆ ನಿಂತವನನ್ನು ನೋಡುವುದಿಲ್ಲ.

"ಹಲ್ಲು ಕಾಣ್ತಿತ್ತು ದ್ಯಾವಪ್ಪ," ಎಂದ. "ಕಂಡದ್ದನ್ನ ಬರೆದೆ."

"ಹೆಣಕ್ಕೂ ಹಲ್ಲು ಕಾಣ್ತದೆ. ಹೆಣ ನಗ್ತದೇನಯ್ಯ? ನನ್ನ ಬಾಯಲ್ಲಿ ಬಟ್ಟೆ ಇತ್ತು. ಕಚ್ಚಿ ಹಿಡ್ಕೊಂಡಿದ್ದೆ. ನಿನ್ನ ಕಣ್ಣಿಗೆ ಸುಣ್ಣ ಬಿದ್ದಿತ್ತಾ?"

ಊರಿನಲ್ಲಿ ಅವನನ್ನು ಏಕವಚನದಲ್ಲಿ ಮಾತನಾಡಿಸಿದವರಿಲ್ಲ. ಆ ಮಾತಿನವರೆಗೆ ನಾನೂ ಮಾತನಾಡಿಸಿರಲಿಲ್ಲ. ಸುರುಳಿಮನೆಯ ಜಗಲಿಯಲ್ಲಿ ಕೂತಿದ್ದವರು ಒಳಗೆ ಇಣುಕಿದರು. ಇಣುಕಲಿ ಎಂದು ನಾನು ಇನ್ನೂ ಜೋರು ಮಾಡಿದೆ. ಸುಣ್ಣದ ಗೂಡಿನ ಪಕ್ಕ ನಿಂತು ಕೂಗಿ ಕೂಗಿ ಬೆಳೆದ ದನಿ ನನ್ನದು, ಮೆಲ್ಲಗೆ ಮಾತಾಡಿದರೂ ಜಗಳದ ಹಾಗೆ ಕೇಳಿಸುತ್ತದೆ. ಅಂದು ಜಗಳವೇ ಆಗಿತ್ತು.

ಮಣೆಯ ಮೇಲೆ ಊರಿನ ಚಿತ್ರಸುರುಳಿ ತೆರೆದಿತ್ತು. ಬಲಗಡೆಯ ಕೋಲಿಗೆ ಹಳೆಯದು ಸುತ್ತಿಕೊಂಡಿತ್ತು, ಎಡಗಡೆಯ ಕೋಲಿನಲ್ಲಿ ಬರಿಗಾಗದ. ನಡುವೆ ಎರಡು ಕೈ ಚಾಚಿದರೆ ಸಿಗುವಷ್ಟು ಅಗಲ. ಅದನ್ನು ನಮ್ಮಲ್ಲಿ ಬಿಚ್ಚು ಎನ್ನುತ್ತಾರೆ. ಆ ಬಿಚ್ಚಿನಲ್ಲಿ ನನ್ನ ಮನೆ ಇತ್ತು. ಸೂರಿಲ್ಲದ ಮನೆ. ಗೋಡೆಗಳು ಓರೆಯಾಗಿ ಹೋಗಿವೆ, ಒಲೆ, ಒರಳು, ಮೂಲೆಯ ಚಾಪೆ ಎಲ್ಲ ಮೇಲಿನಿಂದ ಕಾಣುತ್ತವೆ. ನಡುಮನೆಯಲ್ಲಿ ನನ್ನ ಹೆಂಡತಿ ನಿಂಗಾಜಮ್ಮ ಕತ್ತು ಮುರಿದ ಗೊಂಬೆಯ ಹಾಗೆ ಕೂತಿದ್ದಾಳೆ. ಎದುರಿಗೆ ನಾನು. ನನ್ನ ತಲೆ ಹಿಂದಕ್ಕೆ ವಾಲಿದೆ, ಬಾಯಿ ಕಿವಿಯವರೆಗೆ ಹರಿದಿದೆ, ಹಲ್ಲಿನ ಸಾಲಿಗೆ ಬಿಳಿ ಬಣ್ಣ ತುಂಬಿದೆ. ನಾನೇ ಸುಟ್ಟು ಅರೆದು ಕೊಟ್ಟ ಕಪ್ಪೆಚಿಪ್ಪಿನ ಬಿಳಿ ಅದು. ಅವಳ ಗದ್ದದಿಂದ ಬರುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಿದ್ದಾನೆ. ಕರಡಿ ಆಡಿಸುವವನು ಹಗ್ಗ ಎಳೆದು ಮಜಾ ನೋಡುವ ಹಾಗೆ ಇತ್ತು.

ಸಂಕಪ್ಪಯ್ಯ ತಾಳ್ಮೆಯಿಂದ ಹೇಳಿದ್ದು ಇಷ್ಟು. ಮೊದಲ ಸುರುಳಿಯನ್ನು ಈ ಊರಿಗೆ ತಂದವನು ಜಪಾನಿನ ಒಬ್ಬ ಸನ್ಯಾಸಿ. ಅಲ್ಲಿ ಏಳೆಂಟು ನೂರು ವರ್ಷಗಳ ಹಿಂದೆ ಸೂರು ಕಿತ್ತೇ ಮನೆ ಬರೆಯುತ್ತಿದ್ದರು, ಬಲದಿಂದ ಎಡಕ್ಕೆ ಕಥೆ ನಡೆಸುತ್ತಿದ್ದರು, ಒಬ್ಬನೇ ಮನುಷ್ಯನನ್ನು ಒಂದೇ ಚಿತ್ರದಲ್ಲಿ ಮೂರು ಕಡೆ ನಿಲ್ಲಿಸುತ್ತಿದ್ದರು. ರೋಗಿಗಳದೇ ಒಂದು ಸುರುಳಿ ಇತ್ತಂತೆ. ಅದರಲ್ಲಿ ರೋಗಿಯ ಪಕ್ಕದಲ್ಲಿ ನಗುವವರು ಇರುತ್ತಿದ್ದರಂತೆ. ನಗುವವನೊಬ್ಬ ಇರದಿದ್ದರೆ ರೋಗಿಯ ಚಿತ್ರದ ಮೇಲೆ ಯಾರಿಗೂ ಕಣ್ಣು ಇಡಲಾಗುವುದಿಲ್ಲ, ಅದಕ್ಕೇ ಆ ಪದ್ಧತಿ. ನಮ್ಮ ಮನೆಯಲ್ಲಿ ಇದ್ದವರು ಮೂವರು, ನಾನು, ನಿಂಗಾಜಮ್ಮ, ಅವಳ ಅವ್ವ. ಹಲ್ಲು ಕಂಡದ್ದು ನನ್ನದು.

ದೊಡ್ಡಮನೆಯವರಿಗಾದರೆ ಕಣ್ಣಿಗೊಂದು ಗೆರೆ, ಮೂಗಿಗೊಂದು ಕೊಕ್ಕೆ, ಬಾಯಿಗೊಂದು ಚುಕ್ಕೆ. ಅವರು ಅತ್ತರೋ ನಕ್ಕರೋ ಯಾವ ಸುರುಳಿಯೂ ಹೇಳುವುದಿಲ್ಲ. ಬಾಯಿ ಬರೆಯುವುದು ನಮ್ಮಂಥವರಿಗೆ ಮಾತ್ರ. ನನಗೂ ಒಂದು ಚುಕ್ಕೆ ಇಡು ಎಂದೆ. ಕಾಗದದ ಮೇಲೆ ಬಿದ್ದದ್ದು ಬಿತ್ತು, ಅಳಿಸಲು ಬರುವುದಿಲ್ಲ ಎಂದ. ಬೋಗುಣಿಯನ್ನು ಒದ್ದು ಹೊರಗೆ ಬಂದೆ.

ಒಂದು ಚಿತ್ರಕ್ಕೆ ಇಷ್ಟು ರಂಪವೇ ಎಂದು ಬೇರೆ ಊರಿನವರು ಕೇಳಬಹುದು. ನಮ್ಮ ಊರಿನಲ್ಲಿ ಬಿಚ್ಚು ತೆರೆದಿರುವ ತನಕ ಮಾತ್ರ ನಿಮ್ಮ ನೆನಪು ನಿಮ್ಮದು. ಅದನ್ನು ಬಲಗಡೆಯ ಕೋಲಿಗೆ ಸುತ್ತಿದ ಮೇಲೆ ಚಿತ್ರದಲ್ಲಿ ಹೇಗಿದೆಯೋ ಹಾಗೆ ಎಲ್ಲರಿಗೂ ನೆನಪು. ಚಿತ್ರದ ಒಳಗಿದ್ದವರಿಗೂ ಅದೇ. ಎದುರುಮನೆ ಗವಿಯಪ್ಪನ ಚಿತ್ರದಲ್ಲಿ ಜಗಲಿಯ ಮೇಲೆ ಒಂದು ಕರಿನಾಯಿ ಬರೆದಿದ್ದರು. ಆ ನಾಯಿ ಸತ್ತುಹೋಯಿತೆಂದು ಅವನು ಈಗಲೂ ನಿಟ್ಟುಸಿರು ಬಿಡುತ್ತಾನೆ, ಅದರ ತಟ್ಟೆಯನ್ನು ಕವುಚಿ ಇಟ್ಟಿದ್ದಾನೆ. ನನಗೂ ಆ ನಾಯಿ ಚೆನ್ನಾಗಿ ನೆನಪಿದೆ. ಆದರೆ ಅದರ ಹೆಸರು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಬೇರೆ ಊರಿಗೆ ಮದುವೆಯಾಗಿ ಹೋದ ಅವನ ತಂಗಿ ಒಮ್ಮೆ ಬಂದವಳು, ಅಣ್ಣನಿಗೆ ಚಿಕ್ಕಂದಿನಿಂದ ನಾಯಿ ಕಂಡರೆ ಆಗುವುದಿಲ್ಲ, ಇದು ಯಾವ ನಾಯಿ ಎಂದು ಕೇಳಿದಳು. ಗವಿಯಪ್ಪ ತಂಗಿಯ ಜೊತೆ ಮಾತು ಬಿಟ್ಟ.

ಮಂಜು ಬರೆದರೆ ಬೇರೆ ಬಗೆ. ಎರಡು ಸಂಗತಿಗಳ ನಡುವೆ, ಅಥವಾ ಯಾರಿಗೂ ಬೇಡವಾದದ್ದರ ಮೇಲೆ, ಉದ್ದಕ್ಕೆ ಬಿಳಿ ಮಂಜು ಎಳೆಯುತ್ತಾರೆ. ಅದರ ಕೆಳಗೆ ಇದ್ದದ್ದು ಯಾರ ತಲೆಯಲ್ಲೂ ಉಳಿಯುವುದಿಲ್ಲ. ಹೊಳೆಕೇರಿಯ ಒಂದು ಮನೆಯ ಹಿತ್ತಲಿನಲ್ಲಿ ಒಂದು ಸಮಾಧಿ ಇದೆ. ಯಾರದೆಂದು ಆ ಮನೆಯವರಿಗೆ ಗೊತ್ತಿಲ್ಲ. ಅಳತೆ ನೋಡಿದರೆ ಮಗುವಿನದು. ಹಬ್ಬದ ದಿನ ಅದಕ್ಕೂ ಒಂದು ಹೂವು ಇಟ್ಟು ಒಳಗೆ ಹೋಗಿ ಊಟ ಮಾಡುತ್ತಾರೆ.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಮನೆ ಬರೆಸುವ ಸರದಿ ಬಂದರೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಡುತ್ತಾರೆ. ವರ್ಷವೆಲ್ಲ ಕಚ್ಚಾಡುವ ಅತ್ತೆ ಸೊಸೆಯರು ಆ ದಿನಗಳಲ್ಲಿ ಒಬ್ಬರಿಗೊಬ್ಬರು ತಲೆ ಬಾಚುತ್ತಾರೆ. ಮುಂದೆ ಅದೇ ನೆನಪು. ಚೆನ್ನಾಗಿದ್ದೆವು ಎಂದು ಹೇಳಿಕೊಂಡು ಸಾಯುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆಲ್ಲ ಪುರಸೊತ್ತಿರಲಿಲ್ಲ.

ನಿಂಗಾಜಮ್ಮನ ಕತ್ತು ಬಿದ್ದದ್ದು ಹಿಂದಿನ ಸುಗ್ಗಿಯಲ್ಲಿ. ರಾಗಿ ಕೇರುತ್ತಾ ಕೂತಿದ್ದವಳು, ತಲೆ ಭಾರ ಎಂದಳು. ಸಂಜೆಗೆ ಗದ್ದ ಎದೆಗೆ ಅಂಟಿತ್ತು. ನೋವಿಲ್ಲ, ಜ್ವರವಿಲ್ಲ. ತಲೆ ಎತ್ತಲು ಆಗುವುದಿಲ್ಲ, ಅಷ್ಟೆ. ಪಂಡಿತರು ಎಣ್ಣೆ ಕೊಟ್ಟರು, ಆಸ್ಪತ್ರೆಯವರು ಪಟ್ಟಿ ಕೊಟ್ಟರು. ಪಟ್ಟಿ ಕಟ್ಟಿದರೆ ಉಸಿರು ಕಟ್ಟುತ್ತಿತ್ತು. ತಲೆ ಬಗ್ಗಿದ್ದರೆ ಅನ್ನ ಗಂಟಲಿಗೆ ಇಳಿಯುವುದಿಲ್ಲ. ಕೊನೆಗೆ ನಾನೇ ಅವಳ ಹಳೆಯ ಸೀರೆಯಿಂದ ಅಗಲವಾಗಿ ಒಂದು ತುಂಡು ಹರಿದು, ಗದ್ದದ ಕೆಳಗೆ ಹಾಯಿಸಿ, ಎರಡು ತುದಿಯನ್ನೂ ತೊಲೆಗೆ ಕಟ್ಟಿದೆ. ತಲೆ ನಿಂತಿತು. ಗಂಜಿ ಇಳಿಯಿತು. ಮಗಳ ಆರೈಕೆಗೆಂದು ಅವಳ ಅವ್ವ ಸಣ್ಣಕ್ಕ ಬೇರೆ ಊರಿನಿಂದ ಬಂದು ಉಳಿದಳು. ನನ್ನ ಅತ್ತೆಗೂ ನನಗೂ ಯಾವ ಮಾತೂ ನೆಟ್ಟಗೆ ನಡೆದದ್ದಿಲ್ಲ. ಉಪ್ಪು ಹೆಚ್ಚೆಂದರೆ ನನ್ನ ನಾಲಿಗೆ ಸುಟ್ಟಿದೆ ಎನ್ನುತ್ತಿದ್ದಳು. ಆದರೂ ಅವಳು ಬಂದ ಮೇಲೆ ಮನೆಯಲ್ಲಿ ಮನುಷ್ಯರ ಸದ್ದು ಬಂತು.

ಅಷ್ಟರಲ್ಲಿ ನಮ್ಮ ಸರದಿ ಬಂತು. ಸರದಿ ಬಂದ ಮನೆಯ ಸೂರು ಇಳಿಸಬೇಕು. ಹೆಂಚು, ತೀರು, ತೊಲೆ ಎಲ್ಲವೂ ಅಂಗಳಕ್ಕೆ. ಪಕ್ಕದಲ್ಲಿ ಬಿದಿರಿನ ಅಟ್ಟಣಿಗೆ ಕಟ್ಟಿ ಚಿತ್ರ ಬರೆಯುವವನು ಮೇಲೆ ಕೂರುತ್ತಾನೆ. ಮುಂದಕ್ಕೆ ಹಾಕಿ ಎಂದು ಕೇಳಿಕೊಂಡೆ. ಸುರುಳಿ ಹಿಂದಕ್ಕೂ ಹೋಗುವುದಿಲ್ಲ, ಒಂದು ಮನೆ ಹಾರಿಯೂ ಹೋಗುವುದಿಲ್ಲ ಎಂದರು. ತೊಲೆಯನ್ನಾದರೂ ಬಿಡಿ ಎಂದೆ. ತೊಲೆ ಬಿಟ್ಟರೆ ಚಿತ್ರದ ನಡುವೆ ಅಡ್ಡ ಬರುತ್ತದೆ ಎಂದರು. ತೊಲೆ ಇಳಿದ ಮಧ್ಯಾಹ್ನ ಬಿಸಿಲು ನೇರ ಒಲೆಯ ಮೇಲೆ ಬಿತ್ತು. ನಾನು ಒಂದು ಕೈಯಲ್ಲಿ ಬಟ್ಟೆ ಎತ್ತಿ, ಇನ್ನೊಂದು ಕೈಯಲ್ಲಿ ಗಂಜಿ ಕುಡಿಸಲು ಹೋದೆ. ಬಟ್ಟಲು ಹಿಡಿಯಲು ಕೈಯಿಲ್ಲ. ಅತ್ತೆಯ ಕೈಗೆ ಬಟ್ಟೆ ಎತ್ತುವಷ್ಟು ಬಲವಿಲ್ಲ, ಗಂಜಿ ಕುಡಿಸಿದರೆ ಕೈ ನಡುಗಿ ಚೆಲ್ಲುತ್ತದೆ. ಗಂಜಿಯೆಲ್ಲ ನಿಂಗಾಜಮ್ಮನ ಮಡಿಲಿಗೆ ಬಿತ್ತು. ನಾನು ಬಟ್ಟಲನ್ನು ಗೋಡೆಗೆ ಎಸೆದೆ.

ಅತ್ತೆ ಬಟ್ಟಲು ಎತ್ತಿ ತಂದಳು. "ಹಲ್ಲಿಲ್ವಾ ಅಳಿಯಪ್ಪ ನಿಂಗೆ?" ಎಂದಳು. "ಊರೋರನ್ನೆಲ್ಲ ಕಚ್ಚೋಕೆ ಹೋಗ್ತೀಯಲ್ಲ. ಇದನ್ನ ಕಚ್ಕೋ."

ಕಚ್ಚಿದೆ. ಎತ್ತರದ ಮಣೆಯ ಮೇಲೆ ಕೂತು, ಬಟ್ಟೆಯ ತುದಿಗಳನ್ನು ಹೊಸೆದು ಬಾಯಿಗೆ ಸಿಕ್ಕಿಸಿಕೊಂಡು, ತಲೆಯನ್ನು ಹಿಂದಕ್ಕೆ ಒಗೆದು ಭಾರ ಎಳೆದೆ. ಅವಳ ಮುಖ ಮೇಲೆ ಬಂತು. ಎರಡೂ ಕೈ ಬಿಡುವಾದವು. ಆಮೇಲೆ ಸೂರು ಏರುವ ತನಕ ಹೊತ್ತು ಹೊತ್ತಿಗೂ ಹಾಗೆಯೇ. ಒಸಡಿನಿಂದ ರಕ್ತ ಬಂದು ಬಟ್ಟೆಗೆ ಅಂಟುತ್ತಿತ್ತು. ಮುಂದಿನ ಎರಡು ಹಲ್ಲು ಆಗಲೇ ಅಲುಗಾಡಲು ಶುರುವಾದವು. ಮೇಲೆ ಆಕಾಶ, ಆಕಾಶದಲ್ಲಿ ಸಂಕಪ್ಪಯ್ಯನ ಬೋಳು ತಲೆ. ಅವನು ನೋಡಿದ್ದು ಇದನ್ನು.

ಸುರುಳಿಮನೆಯಿಂದ ಬಂದು ಮನೆಯಲ್ಲಿ ಎಲ್ಲ ಹೇಳಿದೆ. ಸೂರು ಮತ್ತೆ ಏರಿತ್ತು, ನಿಂಗಾಜಮ್ಮ ತೊಲೆಯ ಬಟ್ಟೆಯಲ್ಲಿ ಗದ್ದ ಇಟ್ಟುಕೊಂಡು ಕೂತಿದ್ದಳು. ಹೇಗೆ ಬರೆದಿದ್ದಾನೆ, ಒಂದು ಸಲ ಮಾಡಿ ತೋರಿಸು ಎಂದಳು. ನಾನು ಸಿಟ್ಟಿನಲ್ಲೇ ತಲೆ ಹಿಂದೆ ಹಾಕಿ ಹಲ್ಲು ಕಿರಿದೆ. ಅವಳಿಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಗದ್ದ ಬಟ್ಟೆಯಿಂದ ಜಾರಿ ತಲೆ ದೊಪ್ಪನೆ ಕೆಳಗೆ ಬಿತ್ತು, ಬಿದ್ದ ತಲೆಯಲ್ಲೇ ನಗುತ್ತಿದ್ದಳು. ಅತ್ತೆ ಓಡಿ ಬಂದು ತಲೆ ಹಿಡಿದುಕೊಂಡು ಇಬ್ಬರನ್ನೂ ಬೈದಳು. ಚಿತ್ರದಲ್ಲಿ ಯಾರಾದರೂ ನಗಬೇಕಿದ್ದರೆ ಅದನ್ನು ಬರೆಯಬಹುದಾಗಿತ್ತು.

ನಾನು ನೋಡಿದ್ದೇನೆ, ನಾನು ಸಾಕ್ಷಿ ಎಂದು ಮರುದಿನ ಅತ್ತೆಯೇ ಸುರುಳಿಮನೆಗೆ ಹೋದಳು. ನೆಲದ ಮೇಲಿನಿಂದ ಕಂಡದ್ದು ಲೆಕ್ಕಕ್ಕಿಲ್ಲ, ಮೇಲಿನಿಂದ ಕಂಡದ್ದೇ ಸುರುಳಿಗೆ ಎಂದು ಅವಳನ್ನು ಕಳಿಸಿದರು. ಮೇಲೆ ಕೂತ ಗೂಬೆಗೂ ಎಲ್ಲ ಕಾಣುತ್ತದೆ, ಹಾಗೆಂದು ಗೂಬೆಯನ್ನು ಯಾರೂ ಪಂಚಾಯ್ತಿಗೆ ಕರೆಯುವುದಿಲ್ಲ ಎಂದು ಹೇಳಿ ಬಂದೆ ಎಂದಳು. ಬಿಸಿಲಲ್ಲಿ ಹೋಗಿ ಬಂದವಳು ಮಲಗಿದಳು. ಜ್ವರ ಏರಿತು. ಮಗಳಿಗೆ ತಲೆ ಬಗ್ಗಿಸಿ ಅವ್ವನ ಮುಖ ನೋಡುವುದು ಸುಲಭವಾಗಿತ್ತು, ಅದೊಂದೇ ಆ ರೋಗದಿಂದ ಆದ ಉಪಕಾರ. ಹಾಗೆ ನೋಡುತ್ತಲೇ ಇದ್ದಾಗ ಅತ್ತೆ ಹೋದಳು. ಇದ್ದ ಒಬ್ಬ ಸಾಕ್ಷಿಯನ್ನು ನಾನು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದೆ.

ಸಂಕಪ್ಪಯ್ಯ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ತಿಥಿ ಮುಗಿದ ಮೇಲೆ ಬಿಳಿ ತೆಗೆದುಕೊಂಡು ಹೋಗಲು ಗೂಡಿಗೆ ಬಂದ. ಹೊಗೆಗೆ ಕೆಮ್ಮುತ್ತಾ ನಿಂತು, ಅಳಿಸಲು ಬರುವುದಿಲ್ಲ ಆದರೆ ಮಂಜು ಎಳೆಯಬಹುದು ಎಂದ. ಆಗ ನಾನು ನಕ್ಕದ್ದೂ ಇರುವುದಿಲ್ಲ. ನನ್ನ ಮುಖದ ಮೇಲೆ ಮಾತ್ರ ಎಳೆ ಎಂದೆ. ಮಂಜು ಮುಖ ನೋಡಿ ಇಳಿಯುತ್ತದೆಯೇ, ಎಳೆದರೆ ಗೋಡೆಯಿಂದ ಗೋಡೆಗೆ, ಮನೆಯಿಡೀ ಎಂದ. ಅದೂ ಪದ್ಧತಿ. ಆಯಿತು, ಎಳೆದುಬಿಡು ಎಂದೆ. ನಿನ್ನ ಹೆಂಡತಿಯನ್ನು ಒಂದು ಮಾತು ಕೇಳಿ ಬಾ ಎಂದು ಅವನೇ ಹೇಳಿದ.

ಕೇಳಿದೆ. ನಿಂಗಾಜಮ್ಮ ಬೇಡ ಎಂದಳು.

"ಅದ್ರಲ್ಲಿ ಅವ್ವ ಇದಾಳೆ."

"ನಾನೂ ಇದೀನಿ. ಹಲ್ಲು ಕಿಸ್ಕೊಂಡು."

"ನೀನು ಬದುಕಿದೀಯಲ್ಲ. ದಿನಾ ನೋಡ್ತೀನಿ. ಅವಳ್ನ ಎಲ್ಲಿ ನೋಡ್ಲಿ?"

ಅವಳ ಲೆಕ್ಕ ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು. ಅತ್ತೆ ನಮ್ಮ ಮನೆಗೆ ಬಂದದ್ದು, ಇದ್ದದ್ದು, ಸತ್ತದ್ದು ಎಲ್ಲ ಆ ಒಂದೇ ಬಿಚ್ಚಿನ ಅವಧಿಯಲ್ಲಿ. ಮಂಜು ಎಳೆದರೆ ಅವಳು ಬಂದೇ ಇಲ್ಲ. ಕತ್ತು ಬಿದ್ದಾಗ ಹೆತ್ತ ಅವ್ವ ಬಂದು ನೋಡಲಿಲ್ಲ ಎಂದು ಮಗಳು ಬದುಕಿರುವ ತನಕ ಅಂದುಕೊಳ್ಳುತ್ತಾಳೆ. ಅವ್ವನ ಸಮಾಧಿಯ ಮುಂದೆ ಹಾದು ಹೋಗುವಾಗ ಅದು ಯಾರದೋ ಎಂದು ಕೇಳುತ್ತಾಳೆ. ಇದನ್ನೆಲ್ಲ ಬಲ್ಲೆ. ಆದರೆ ಮಂಜು ಎಳೆಯದಿದ್ದರೆ ನಾನು ಏನಾಗುತ್ತೇನೆ ಎಂಬುದನ್ನೂ ಬಲ್ಲೆ. ಗವಿಯಪ್ಪನ ನಾಯಿಯನ್ನು ನೆನಪಿಸಿದೆ. ಇಲ್ಲದ ನಾಯಿಗಾಗಿ ಅವನು ಸ್ವಂತ ತಂಗಿಯನ್ನು ಬಿಟ್ಟ, ನಗದ ನಗುವಿಗಾಗಿ ನೀನು ನನ್ನನ್ನು ಬಿಡುವುದಿಲ್ಲವೇ ಎಂದೆ.

"ನಂಗೆ ಗೊತ್ತಿರ್ತದೆ," ಎಂದಳು. ಬಟ್ಟೆಯಲ್ಲಿ ತೂಗುತ್ತಿದ್ದ ಮುಖವನ್ನು ಕಷ್ಟಪಟ್ಟು ನನ್ನ ಕಡೆ ತಿರುಗಿಸಿದಳು. "ನೀನು ಎತ್ತಿ ಹಿಡಿದದ್ದು ನನ್ನ ಗದ್ದ ಅಲ್ವಾ. ಚಿತ್ರ ಏನು ಬೇಕಾದ್ರೂ ಹೇಳ್ಲಿ. ಗದ್ದಕ್ಕೆ ಗೊತ್ತಿರ್ತದೆ."

ನಾನು ಬಾಗಿಲು ಬಡಿದು ಗೂಡಿಗೆ ಹೋದೆ.

ಸುತ್ತುವ ಮೊದಲು ಊರಿನವರೆಲ್ಲ ಬಂದು ಬಿಚ್ಚು ನೋಡಬೇಕು. ಸಾಲಾಗಿ ಬರುತ್ತಾರೆ, ಬಲದಿಂದ ಎಡಕ್ಕೆ ನಡೆಯುತ್ತಾರೆ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಬಂದವರು ಮೊದಲು ನಿಂಗಾಜಮ್ಮನ ಚಿತ್ರ ನೋಡಿ ಮುಖ ಹಿಂಡುತ್ತಿದ್ದರು. ಆಮೇಲೆ ಅವರ ಕಣ್ಣು ನನ್ನ ಚಿತ್ರದ ಹಲ್ಲಿನ ಮೇಲೆ ಬೀಳುತ್ತಿತ್ತು. ಆಗ ಅವರ ತುಟಿಯೂ ಬಿಚ್ಚಿಕೊಳ್ಳುತ್ತಿತ್ತು. ಒಬ್ಬರಲ್ಲ, ಎಲ್ಲರೂ. ನೆಗಡಿ ಅಂಟಿದ ಹಾಗೆ ಅದು ಸಾಲಿನುದ್ದಕ್ಕೂ ಅಂಟಿಕೊಂಡು ಹೋಯಿತು. ಸಂಕಪ್ಪಯ್ಯನ ಪದ್ಧತಿ ಸುಳ್ಳಲ್ಲ. ಗವಿಯಪ್ಪ ಮಾತ್ರ ಬಾಯಿ ಬಿಟ್ಟು, ದ್ಯಾವಪ್ಪ ಇಷ್ಟು ಖುಷಿಯಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ ಎಂದ. ಅವನ ಕುತ್ತಿಗೆಯ ಟವಲು ಹಿಡಿದು ಎಳೆದೆ. ನಾಲ್ಕು ಜನ ಬಿಡಿಸಿದರು. ಬಿಡಿಸುವಾಗಲೂ ಅವರು ನಗುತ್ತಲೇ ಇದ್ದರು.

ಊಟದ ಹೊತ್ತಿಗೆ ಸುರುಳಿಮನೆ ಖಾಲಿಯಾಯಿತು. ಸಂಕಪ್ಪಯ್ಯ ಎದ್ದು ಹೋಗುವಾಗ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಮಣೆಯ ಪಕ್ಕ ಅಗಲವಾದ ಕುಂಚ ಒಂದನ್ನು ನೀರಿನಲ್ಲಿ ನೆನೆಸಿ ಇಟ್ಟಿದ್ದ. ನನ್ನ ಕಡೆ ನೋಡಲೂ ಇಲ್ಲ. ನಾನು ಮನೆಯಿಂದ ಹೊರಟಾಗಲೇ ಚೊಂಬಿನಲ್ಲಿ ಬಿಳಿ ಕಲಸಿ ತಂದಿದ್ದೆ. ಅಂಟು ಹದವಾಗಿ ಹಾಕಿ, ಗಂಟಿಲ್ಲದ ಹಾಗೆ ತಿಕ್ಕಿದ್ದೆ. ಅಷ್ಟು ನಯವಾದ ಬಿಳಿಯನ್ನು ನಾನು ಯಾವತ್ತೂ ಮಾಡಿರಲಿಲ್ಲ. ಅವಳು ಬೇಡ ಎಂದರೆ ಬೇಡವಾಗುವುದಿಲ್ಲ. ಎಳೆದ ಮೇಲೆ, ತಾನು ಬೇಡ ಎಂದದ್ದೂ ಅವಳಿಗೆ ನೆನಪಿರುವುದಿಲ್ಲ.

ಕುಂಚ ಎತ್ತಿ ಬಿಳಿಯಲ್ಲಿ ಅದ್ದಿದೆ. ಎಲ್ಲಿಂದ ಶುರು ಮಾಡುವುದೆಂದು ಬಲಗಡೆಯ ಗೋಡೆ ನೋಡಿದೆ. ಅಲ್ಲಿ ಅತ್ತೆ ಇದ್ದಳು. ಅಂದಿನವರೆಗೆ ನಾನು ನನ್ನ ಹಲ್ಲು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಅವಳನ್ನು ಮೂರು ಕಡೆ ಬರೆದಿದ್ದ. ಬಾಗಿಲಲ್ಲಿ ಗಂಟು ಹೊತ್ತು ಬರುತ್ತಿದ್ದಾಳೆ, ಬಂದ ಕಾಲಿಗೆ ಇನ್ನೂ ಧೂಳಿದೆ. ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಾಳೆ, ಕೆನ್ನೆ ಉಬ್ಬಿದೆ. ನಡುಮನೆಯಲ್ಲಿ ಮಗಳ ಹಿಂದೆ ಕೂತು, ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಾಳೆ, ಇನ್ನೊಂದು ಕೈ ಮಗಳ ಬೆನ್ನ ಮೇಲೆ. ಆ ಬೆನ್ನ ಮೇಲಿನ ಕೈಯ ಒಂದೊಂದು ಬೆರಳನ್ನೂ ಬಿಡಿಸಿ ಬರೆದಿದ್ದ. ನನ್ನ ವಿಷಯದಲ್ಲಿ ಅಷ್ಟು ತಪ್ಪಾಗಿ ಕಂಡ ಕಣ್ಣು ಅವಳ ವಿಷಯದಲ್ಲಿ ಒಂದು ಕಡೆಯೂ ತಪ್ಪಿರಲಿಲ್ಲ.

ಕುಂಚದಿಂದ ಬಿಳಿ ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತು ನಿಂತೆನೋ. ಅತ್ತೆಯನ್ನು ಬೈದೆ, ಗಟ್ಟಿಯಾಗಿಯೇ ಬೈದೆ. ಇನ್ನು ಸ್ವಲ್ಪ ದಿನ ಬದುಕಿದ್ದರೆ ಗಂಟೇನು ಹೋಗುತ್ತಿತ್ತು ನಿನ್ನದು ಎಂದೆ. ಮುಂದಿನ ಬಿಚ್ಚಿನಲ್ಲಿ ಸಾಯಬಹುದಾಗಿತ್ತು. ಕೊನೆಗೆ ಚೊಂಬನ್ನು ಹಿಂದಿನ ಬಾಗಿಲಿಗೆ ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದೆ. ಊಟ ಮುಗಿಸಿ ಬಂದ ಸಂಕಪ್ಪಯ್ಯ ಚಿತ್ರ ನೋಡಿದ, ನನ್ನ ಪಾದ ನೋಡಿದ, ಸುತ್ತಲು ಕೂತ.

ಸುತ್ತುವ ಮೊದಲಿನ ದಿನಗಳಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ಗೂಡಿನ ಮುಂದೆ ನಿಂತು, ನಡೆದದ್ದನ್ನು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ನಮ್ಮ ಶಾಲೆಯಲ್ಲಿ ಮಗ್ಗಿ ಕಲಿಸಿದ್ದು ಹಾಗೆ. ಅರ್ಥವಾಗದಿದ್ದರೂ ಬಾಯಿಗೆ ಬರುತ್ತಿತ್ತು. ಬಟ್ಟೆ ಹಲ್ಲಿನಲ್ಲಿತ್ತು, ಎರಡೂ ಕೈಯಲ್ಲಿ ಗಂಜಿ ಕುಡಿಸಿದೆ, ಕಚ್ಚಲು ಹೇಳಿದವಳು ಅತ್ತೆ. ಈಗ ನಾನು ನಿಮಗೆ ಹೇಳುತ್ತಿರುವುದು ಆ ಬಾಯಿಪಾಠವನ್ನೇ. ನೆನಪು ಕೇಳಿದರೆ ನನಗೆ ನೆನಪಿರುವುದು ಬೇರೆ.

ಅದು ಒಮ್ಮೆಲೇ ಬರಲಿಲ್ಲ. ಸುತ್ತಿದ ದಿನ ರಾತ್ರಿ ಊಟಕ್ಕೆ ನಿಂಗಾಜಮ್ಮ ಎಂದಿನ ಹಾಗೆ ತೊಲೆಯ ಬಟ್ಟೆಯಲ್ಲಿ ಗದ್ದ ಇಟ್ಟಳು, ನಾನು ಗಂಜಿ ಕುಡಿಸಿದೆ. ಮರುದಿನ ಬಟ್ಟಲನ್ನು ತಾನೇ ಹಿಡಿಯುತ್ತೇನೆ ಎಂದಳು. ಆಮೇಲೆ ನಾನು ಪಕ್ಕದಲ್ಲಿ ಕೂತರೆ ನುಂಗದೆ ಕಾಯತೊಡಗಿದಳು. ಗೂಡಿನಲ್ಲಿ ಚಿಪ್ಪು ಸಿಡಿಯುವ ಸದ್ದಿನ ನಡುವೆ ನನಗೂ ಒಂದು ದಿನ ಅದು ಕೇಳಿಸಿತು. ನನ್ನದೇ ದನಿ, ಸೂರಿಲ್ಲದ ಮನೆಯಿಂದ ಆಕಾಶಕ್ಕೆ ಹೋಗುವ ದೊಡ್ಡ ನಗು. ಬಟ್ಟೆ ನನ್ನ ಕೈಯಲ್ಲಿತ್ತು. ಎಳೆದರೆ ಅವಳ ತಲೆ ಏಳುತ್ತಿತ್ತು, ಬಿಟ್ಟರೆ ಬೀಳುತ್ತಿತ್ತು. ನನಗೆ ಎಷ್ಟು ಮಜಾ ಅನ್ನಿಸಿತ್ತು ಎಂಬುದೂ ನೆನಪಾಯಿತು. ನಾನು ಬಾಯಿಪಾಠ ಹೇಳಿದೆ. ಅದು ಯಾರೋ ಬೇರೆಯವನ ಕಥೆಯ ಹಾಗೆ ಕೇಳಿಸಿತು, ಅವನು ನನಗಿಂತ ಒಳ್ಳೆಯವನು.

ಅಲುಗುವ ಎರಡು ಹಲ್ಲಿನಲ್ಲಿ ಒಂದು ಆ ವಾರ ಬಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮನೆಗೆ ಓಡಿದೆ. ನಗುವುದರಿಂದ ಹಲ್ಲು ಬೀಳುವುದಿಲ್ಲ, ನೋಡು, ಭಾರ ಎಳೆದದ್ದರಿಂದ ಬಿದ್ದದ್ದು ಎಂದೆ. ಅವಳು ಬಟ್ಟೆಯಿಂದ ಗದ್ದ ತೆಗೆದಳು. ಬಗ್ಗಿದ ತಲೆಯಿಂದ ನನ್ನ ಅಂಗೈಯನ್ನೇ ನೋಡುತ್ತಿದ್ದಳು. ವಯಸ್ಸಾಯಿತು, ಬಿದ್ದಿದೆ ಎಂದಳು.

ನಾನು ಬಾಯಿಪಾಠವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಂಜಿನ ವಿಷಯವನ್ನೂ ಹೇಳಿದೆ. ಬಿಳಿ ಕಲಸಿದ್ದು, ಕುಂಚ ಎತ್ತಿದ್ದು, ಅವಳ ಅವ್ವನನ್ನು ಕಂಡು ಬಚ್ಚಲಿಗೆ ಸುರಿದದ್ದು. ಅದೊಂದು ಸುರುಳಿಯಲ್ಲಿ ಇಲ್ಲದ್ದು, ಅದು ನನಗೆ ನಿಜವಾಗಿಯೇ ನೆನಪಿತ್ತು. ಗದ್ದಕ್ಕೆ ಗೊತ್ತಿರುತ್ತದೆ ಎಂದಿದ್ದೆಯಲ್ಲ ಎಂದು ಕೇಳಿದೆ. ಹಲ್ಲಿನಲ್ಲಿ ಎತ್ತಿ ಹಿಡಿದದ್ದರ ಜೊತೆ ಆ ಮಾತೂ ಹೋಗಿತ್ತು, ಆಡಿದ್ದು ಅವಳಿಗೆ ನೆನಪಿರಲಿಲ್ಲ. ಕೈ ಎತ್ತಿ ಗದ್ದ ಸವರಿಕೊಂಡಳು, ಅಲ್ಲಿ ಏನಾದರೂ ಸಿಗಬಹುದೇನೋ ಎಂಬ ಹಾಗೆ.

"ಅವ್ವ ನನ್ನ ಹಿಂದೇನೇ ಕೂತಿದ್ಲು," ಎಂದಳು. "ಸೆರಗು ಬಾಯಿಗೆ ಒತ್ಕೊಂಡು ಅಳ್ತಿದ್ಲು. ಸಾಕು ಬಿಡಪ್ಪ, ನಗಬ್ಯಾಡ ಅಂದ್ಲು. ಅಷ್ಟಂದ್ರೂ ನೀವು ನಿಲ್ಲಿಸ್ಲಿಲ್ಲ."

ಮದುವೆಯಾದಾಗಿನಿಂದ ಅವಳು ನನ್ನನ್ನು ನೀವು ಎಂದದ್ದಿಲ್ಲ.

ಅತ್ತೆ ಹಾಗೆ ಹೇಳಲಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನಗೂ ಅದು ಕೇಳಿಸುತ್ತಿತ್ತು, ಸೆರಗಿನ ಒಳಗಿನಿಂದ ಬಂದ ಹಾಗೆ ಮಂದವಾಗಿ. ಸಾಕು ಬಿಡಪ್ಪ. ಬಿಳಿಯನ್ನು ಬಚ್ಚಲಿಗೆ ಸುರಿದು ನಾನು ಉಳಿಸಿದ ಅತ್ತೆ ಅವಳು.

ಅವಳು ಗೋಡೆ ಹಿಡಿದು ಎದ್ದಳು. ಗಂಟು ಮೊದಲೇ ಕಟ್ಟಿಟ್ಟಿದ್ದಳು. ಹೊಳೆಯಾಚೆ ಅವಳ ಚಿಕ್ಕಮ್ಮನ ಮನೆ ಇತ್ತು, ಅಲ್ಲಿಗೆ ಎಂದಳು. ದಾರಿಯಲ್ಲಿ ತಲೆ ನಿಲ್ಲಬೇಕಲ್ಲ ಎಂದು ನಾನು ತೊಲೆಯಿಂದ ಬಟ್ಟೆ ಬಿಚ್ಚಿ, ಕತ್ತಿಗೆ ಕಟ್ಟಿಕೊಡಲು ಹತ್ತಿರ ಹೋದೆ. ಅವಳು ಹಿಂದಕ್ಕೆ ಸರಿದಳು. ಸರಿದು, ಎರಡೂ ಕೈಯನ್ನು ಕಿವಿಯ ಹತ್ತಿರ ತಂದು ತಲೆಯನ್ನು ಕಾಯ್ದುಕೊಂಡಳು. ಹೊಡೆತ ತಿಂದವರು ಮಾತ್ರ ಹಾಗೆ ಮಾಡುತ್ತಾರೆ. ನಾನು ಕೋಪಿಷ್ಠ, ಬಟ್ಟಲು ಎಸೆದವನು, ಬಾಗಿಲು ಬಡಿದವನು. ಅವಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಬಟ್ಟೆಯನ್ನು ಕೆಳಗೆ ಇಟ್ಟೆ.

ಬಾಗಿಲಿಗೆ ಅಡ್ಡ ನಿಲ್ಲಬಹುದಾಗಿತ್ತು. ಕೂಗಬಹುದಾಗಿತ್ತು, ಬೀದಿಗೆಲ್ಲ ಕೇಳುವ ದನಿ ನನ್ನದು. ನಿಲ್ಲು ಎನ್ನಲು ನನ್ನಲ್ಲಿ ಇದ್ದದ್ದು ಬಾಯಿಪಾಠ ಮಾತ್ರ. ನನ್ನ ತಲೆಯೊಳಗೂ ನಾನು ನಗುತ್ತಲೇ ಇದ್ದೆ.

ಅವಳು ಎಡಗೈಯಲ್ಲಿ ಗದ್ದ ಎತ್ತಿ ಹಿಡಿದುಕೊಂಡು, ಬಲಗೈಯಲ್ಲಿ ಗಂಟು ಹಿಡಿದು ಬೀದಿಗೆ ಇಳಿದಳು. ಜಗಲಿಯಲ್ಲಿದ್ದ ಗವಿಯಪ್ಪ ಎದ್ದು ನಿಂತ. ಹೊಳೆಯ ದಾರಿ ತಿರುಗುವಲ್ಲಿ ನಿಂತು, ಗಂಟನ್ನು ನೆಲಕ್ಕಿಟ್ಟು, ಕೈ ಬದಲಿಸಿಕೊಂಡಳು. ಬಲಗೈ ಗದ್ದಕ್ಕೆ, ಎಡಗೈ ಗಂಟಿಗೆ. ಮತ್ತೆ ನಡೆದಳು. ತಿರುಗಿ ಬರಲಿಲ್ಲ.